ಸಿಹಿ ಇಲ್ಲದ ಪುಡ್ಡಿಂಗ್

ಪ್ರಶ್ನೆ: ಮಗಳು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಓದುತ್ತಿದ್ದಾಳೆ. ಗೆಳತಿಯ ಮನೆಯ ಭಾನುವಾರದ ಊಟಕ್ಕೆ ಯಾರ್ಕ್‌ಷೈರ್ ಪುಡ್ಡಿಂಗ್ ಬಡಿಸಿದರಂತೆ. ಸಿಹಿಯೇ ಇಲ್ಲ, ಒಳಗೆಲ್ಲ ಟೊಳ್ಳು ಅಂದಳು. ಅದನ್ನು ಹೇಗೆ ತಿನ್ನುತ್ತಾರೆ? ನಾವು ಮೊಟ್ಟೆ ತಿನ್ನುತ್ತೇವೆ, ಮಾಂಸ ಇಲ್ಲ. ಮನೆಯಲ್ಲೂ ಮಾಡಿ ನೋಡಿದೆ, ಉಬ್ಬಲೇ ಇಲ್ಲ.
– ಓದುಗರು, ಶಿವಮೊಗ್ಗ

ಉತ್ತರ: ಲೀಡ್ಸ್ ಅಂದ ಕೂಡಲೇ ಖುಷಿಯಾಯಿತು. ಅದು ಯಾರ್ಕ್‌ಷೈರಿನದೇ ಊರು. ನಾನೂ ಅಲ್ಲಿ ನಾಲ್ಕು ವರ್ಷ ಇದ್ದೆ. ಪಕ್ಕದ ಮನೆಯ ಅಜ್ಜಿ ಮೊಟ್ಟೆ, ಮೈದಾ, ಹಾಲಿನ ಹಿಟ್ಟನ್ನು ಉಬ್ಬಿಸಿ ಬೇಯಿಸುವ ಈ ಪುಡ್ಡಿಂಗನ್ನು ಮಾಂಸದ ಜೊತೆ ಬಡಿಸುತ್ತಲೇ ಇರಲಿಲ್ಲ. ಮೊದಲು ಪುಡ್ಡಿಂಗ್ ಒಂದೇ, ಅದರ ಗುಳಿಯ ತುಂಬ ಬಿಸಿಬಿಸಿ ಈರುಳ್ಳಿ ಗ್ರೇವಿ. ತಟ್ಟೆ ಖಾಲಿಯಾದ ಮೇಲೇ ಮಾಂಸ, ಆಲೂಗಡ್ಡೆ. ಅಲ್ಲಿನ ಹಳೆಯ ಪದ್ಧತಿ ಅದು. ಮಾಂಸ ದುಬಾರಿ, ತಿನ್ನುವ ಬಾಯಿ ಜಾಸ್ತಿ. ಇದರಲ್ಲೇ ಅರ್ಧ ಹೊಟ್ಟೆ ತುಂಬಿದರೆ ಇದ್ದಷ್ಟು ಮಾಂಸ ಎಲ್ಲರಿಗೂ ಸಾಲುತ್ತಿತ್ತು. ಈಗ ಎಲ್ಲವನ್ನೂ ಒಂದೇ ತಟ್ಟೆಗೆ ಹಾಕುತ್ತಾರೆ. ನೀವು ಮಾತ್ರ ಅಜ್ಜಿಯ ಹಾಗೇ ತಿನ್ನಿ. ಅಂಚು ಗರಿಗರಿ, ತಳ ಮೆತ್ತಗೆ ಗ್ರೇವಿ ಕುಡಿದಿರುತ್ತದೆ. ಸ್ವಲ್ಪ ಕಾದರೂ ಆ ಗರಿಗರಿ ಹೋಗಿಬಿಡುತ್ತದೆ.

ಪುಡ್ಡಿಂಗ್ ಅಂದರೆ ಸಿಹಿಯೇ ಆಗಬೇಕೆಂದು ಇಂಗ್ಲೆಂಡಿನಲ್ಲಿ ಇಲ್ಲ. ಬೆಂಕಿಯ ಮುಂದೆ ಮಾಂಸ ಸುಡುವಾಗ ಕೆಳಗೆ ಹಿಟ್ಟಿನ ತಟ್ಟೆ ಇಟ್ಟು, ತೊಟ್ಟಿಕ್ಕುವ ಕೊಬ್ಬಿನಲ್ಲೇ ಇದನ್ನು ಬೇಯಿಸುತ್ತಿದ್ದರು. 1747ರಲ್ಲಿ ಹನ್ನಾ ಗ್ಲಾಸ್ ತಮ್ಮ ಅಡುಗೆ ಪುಸ್ತಕದಲ್ಲಿ ಇದನ್ನು ಯಾರ್ಕ್‌ಷೈರ್ ಹೆಸರಿನಲ್ಲೇ ಬರೆದರು. ಇವತ್ತಿಗೂ ಎಷ್ಟೋ ಕಡೆ ದನದ ಕೊಬ್ಬಿನಲ್ಲೇ ಮಾಡುತ್ತಾರೆ. ಗ್ರೇವಿಯೂ ಸಾಮಾನ್ಯವಾಗಿ ಮಾಂಸದ ರಸದ್ದೇ. ಹೊರಗೆ ತಿನ್ನುವ ಮುಂಚೆ ಎರಡನ್ನೂ ಕೇಳಿಕೊಳ್ಳಲು ಮಗಳಿಗೆ ದಯವಿಟ್ಟು ಹೇಳಿ.

ಇನ್ನು ಉಬ್ಬದ ವಿಷಯ. ಸೋಡಾ ಬೇಡ. ಮೊಟ್ಟೆ, ಮೈದಾ, ಹಾಲು ಒಂದೇ ಲೋಟದಲ್ಲಿ ಸಮಸಮ ಅಳೆಯಿರಿ, ಚಿಟಿಕೆ ಉಪ್ಪು ಹಾಕಿ. ಗಂಟಿಲ್ಲದಂತೆ ಕಲಸಿ ಅರ್ಧ ಗಂಟೆ ಬಿಡಿ. ದೋಸೆ ಹಿಟ್ಟಿಗಿಂತ ತೆಳ್ಳಗಿರಬೇಕು. ನಿಮ್ಮ ಓವನ್ ಅನ್ನು 220 ಡಿಗ್ರಿಗೆ ಕಾಯಿಸಿ, ಮಫಿನ್ ಅಚ್ಚಿನ ಪ್ರತಿ ಗುಳಿಗೆ ಒಂದು ಚಮಚ ಸೂರ್ಯಕಾಂತಿ ಎಣ್ಣೆ ಹಾಕಿ ಒಳಗಿಡಿ. ಎಣ್ಣೆ ಹೊಗೆಯಾಡಲು ಶುರುವಾದಾಗ ಹಿಟ್ಟನ್ನು ಅರ್ಧ ಗುಳಿಯವರೆಗೆ ಹುಯ್ಯಿರಿ. ಚುಂಯ್ ಅನ್ನಲೇಬೇಕು. ಅನ್ನದಿದ್ದರೆ ಎಣ್ಣೆ ಕಾದಿಲ್ಲ ಅಂತಲೇ ಅರ್ಥ. ನಿಮ್ಮದು ಅಲ್ಲೇ ಕೈಕೊಟ್ಟಿರಬೇಕು. ಹಿಟ್ಟಿನ ನೀರು ಹಬೆಯಾಗಿ ಒಳಗಿಂದ ತಳ್ಳಿದರೇನೇ ಅದು ಏಳುವುದು. 20 ನಿಮಿಷ ಬಾಗಿಲು ತೆಗೆಯಬೇಡಿ, ತಣ್ಣನೆ ಗಾಳಿ ತಾಗಿದರೆ ಕುಸಿಯುತ್ತದೆ. ಕಂದು ಬಣ್ಣಕ್ಕೆ ಬಂದ ಮೇಲೆ ಹೊರಗೆ ತೆಗೆಯಿರಿ.

ಗ್ರೇವಿಗೆ ಈರುಳ್ಳಿಯನ್ನು ಬೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕೆಂಪಗೆ ಹುರಿದು, ಒಂದು ಚಮಚ ಮೈದಾ, ತರಕಾರಿ ಬೇಯಿಸಿದ ನೀರು, ಕಾಳುಮೆಣಸಿನ ಪುಡಿ ಹಾಕಿ ಕುದಿಸಿದರೆ ಸಾಕು.

ಒಂದೆರಡು ಉಳಿದರೆ ಎಸೆಯಬೇಡಿ. ಅಜ್ಜಿ ಅದನ್ನು ಮತ್ತೆ ಬಿಸಿ ಮಾಡಿ, ಜಾಮ್ ಸವರಿ ನನ್ನ ಮಗನ ಕೈಗೆ ಕೊಡುತ್ತಿದ್ದರು.