ಅಂಗಾಲು ಒತ್ತಿದರೆ ಸಕ್ಕರೆ ಇಳಿಯುವುದೇ?

ಪ್ರಶ್ನೆ: ನನಗೆ 54 ವರ್ಷ. ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಈಚೆಗೆ ರಾತ್ರಿ ನಿದ್ರೆ ಸರಿಯಾಗಿ ಬರುತ್ತಿಲ್ಲ, ಪಾದಗಳು ಆಗಾಗ ಜೋಮು ಹಿಡಿಯುತ್ತವೆ. ಅಂಗಾಲು ಒತ್ತುವ ರಿಫ್ಲೆಕ್ಸಾಲಜಿ ಎಂಬ ಚಿಕಿತ್ಸೆ ಮಾಡಿಸಿಕೊಂಡರೆ ನಿದ್ರೆಯೂ ಬರುತ್ತದೆ, ಸಕ್ಕರೆಯೂ ಹತೋಟಿಗೆ ಬರುತ್ತದೆ ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಅಲ್ಲಿ ಏನು ಮಾಡುತ್ತಾರೆ? ನೋವಾಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಗಮನ ಮೊದಲು ಹೋದದ್ದು ನಿದ್ರೆಯ ಕಡೆಗಲ್ಲ, ಪಾದದ ಜೋಮಿನ ಕಡೆಗೆ. ಬಹುಕಾಲದ ಸಕ್ಕರೆ ಕಾಯಿಲೆಯಲ್ಲಿ ಪಾದದ ನರಗಳು ದುರ್ಬಲಗೊಂಡು ಸ್ಪರ್ಶಜ್ಞಾನ ಕುಗ್ಗುವುದುಂಟು. ಆದ್ದರಿಂದ ರಿಫ್ಲೆಕ್ಸಾಲಜಿಯ ವಿಚಾರ ಏನೇ ಇರಲಿ, ಮೊದಲು ನಿಮ್ಮ ವೈದ್ಯರಿಗೆ ಪಾದಗಳನ್ನು ತೋರಿಸಿ.

ಈ ಪದ್ಧತಿಯ ಮೂಲ ಅಮೆರಿಕದ ಕಿವಿ, ಮೂಗು, ಗಂಟಲು ತಜ್ಞ ವಿಲಿಯಂ ಫಿಟ್ಜ್‌ಜೆರಾಲ್ಡ್ ಅವರ ವಿಚಾರದಲ್ಲಿದೆ; ಅವರು ದೇಹವನ್ನು ತಲೆಯಿಂದ ಕಾಲಿನವರೆಗೆ ಉದ್ದುದ್ದವಾಗಿ 10 ವಲಯಗಳಾಗಿ ವಿಂಗಡಿಸಿದ್ದರು. 1930ರ ದಶಕದಲ್ಲಿ ಅಮೆರಿಕದ ಫಿಸಿಯೊಥೆರಪಿಸ್ಟ್ ಯೂನಿಸ್ ಇಂಗಮ್ ಅದನ್ನು ಪಾದಕ್ಕೆ ಅನ್ವಯಿಸಿ, ಅಂಗಾಲಿನಲ್ಲಿ ಇಡೀ ದೇಹದ ನಕ್ಷೆಯನ್ನು ಗುರುತಿಸಿದರು. ಅದರಂತೆ ಕಾಲ್ಬೆರಳು ತಲೆಗೆ, ಬೆರಳುಗಳ ಬುಡದ ಉಬ್ಬು ಎದೆಗೆ, ನಡುವಿನ ಕಮಾನು ಜೀರ್ಣಾಂಗಗಳಿಗೆ, ಹಿಮ್ಮಡಿ ಕಿಬ್ಬೊಟ್ಟೆಯ ಭಾಗಕ್ಕೆ ಸಂಬಂಧಿಸಿದ ಜಾಗಗಳು. ಇಂಥ ಸಂಪರ್ಕವನ್ನು ಶರೀರಶಾಸ್ತ್ರ ಇದುವರೆಗೆ ಕಂಡುಕೊಂಡಿಲ್ಲ.

ಚಿಕಿತ್ಸೆ ಸಾಮಾನ್ಯವಾಗಿ 45ರಿಂದ 60 ನಿಮಿಷ ನಡೆಯುತ್ತದೆ. ಬಟ್ಟೆ ಬದಲಿಸಬೇಕಿಲ್ಲ, ಪಾದರಕ್ಷೆ, ಕಾಲುಚೀಲ ತೆಗೆದು ಒರಗುಕುರ್ಚಿಯಲ್ಲಿ ಕಾಲು ಚಾಚಿದರೆ ಸಾಕು. ಮೊದಲು ಚಿಕಿತ್ಸಕರು ನಿಮ್ಮ ಕಾಯಿಲೆ, ಔಷಧಿಗಳ ಬಗ್ಗೆ ವಿಚಾರಿಸಬೇಕು; ವಿಚಾರಿಸದೆ ನೇರವಾಗಿ ಕಾಲಿಗೆ ಕೈ ಹಾಕುವವರಲ್ಲಿ ಮಾಡಿಸಿಕೊಳ್ಳದಿರುವುದೇ ಲೇಸು. ಪಾದವನ್ನು ತಿರುಗಿಸಿ, ನೀವಿ ಸಡಿಲಗೊಳಿಸಿದ ಬಳಿಕ ಅವರು ಹೆಬ್ಬೆರಳಿನ ತುದಿಯನ್ನು ಅಂಗಾಲಿಗೆ ಊರಿ, ಗೆಣ್ಣನ್ನು ಮಡಿಸುತ್ತ ಬಿಡಿಸುತ್ತ, ಕಂಬಳಿಹುಳು ತೆವಳಿದಂತೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಮುಂದಕ್ಕೆ ಸಾಗುತ್ತಾರೆ. ಅಲ್ಲಲ್ಲಿ ಹಿತವಾದ ನೋವು ಅನ್ನಿಸಬಹುದು, ಆದರೆ ಹಲ್ಲು ಕಚ್ಚಿ ತಡೆದುಕೊಳ್ಳುವ ನೋವು ಆಗಬಾರದು. ಒಂದು ಕಡೆ ಒತ್ತಿದಾಗ ನೋವಾಯಿತೆಂದು ‘ನಿಮ್ಮ ಮೂತ್ರಪಿಂಡದಲ್ಲಿ ತೊಂದರೆಯಿದೆ’ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಹೆದರಬೇಡಿ. ದಿನವಿಡೀ ಮೈಭಾರ ಹೊರುವ ಪಾದ ಹಲವು ಕಾರಣಗಳಿಂದ ನೋಯುತ್ತದೆ. ರೋಗವನ್ನು ಅಂಗಾಲಿನಿಂದ ಪತ್ತೆಹಚ್ಚಲಾಗದು.

ಸಕ್ಕರೆ ಇಳಿಯುತ್ತದೆ ಎಂಬ ಮಾತನ್ನು ನಂಬಿ ಒಂದು ಹೊತ್ತಿನ ಮಾತ್ರೆಯನ್ನೂ ಬಿಡಬೇಡಿ. ಈ ಪದ್ಧತಿಯಿಂದ ಯಾವುದೇ ಕಾಯಿಲೆ ವಾಸಿಯಾಗುತ್ತದೆ ಎನ್ನಲು ನಂಬಲರ್ಹ ಪುರಾವೆಯಿಲ್ಲ. ಆದರೆ ಒಂದು ಗಂಟೆ ಕಾಲ ಯಾರೋ ಶ್ರದ್ಧೆಯಿಂದ ಪಾದವನ್ನು ಆರೈಕೆ ಮಾಡುವಾಗ ಮೈ ಹಗುರಾಗುವುದು, ಕಳವಳ ತಗ್ಗುವುದು, ಅಲ್ಲೇ ಕಣ್ಣು ಎಳೆಯುವುದು ಅನೇಕರ ಅನುಭವ, ಮತ್ತು ಅದು ಸಣ್ಣ ಲಾಭವೇನಲ್ಲ. ನಿದ್ರೆಗೆಟ್ಟು ಬಳಲಿದವರಿಗೆ ಅಷ್ಟು ನೆಮ್ಮದಿಯೂ ಬೇಕಾಗಿರುತ್ತದೆ ಎಂಬುದನ್ನು ನಾನು ಬಲ್ಲೆ. ಆ ನೆಮ್ಮದಿಯ ಸಲುವಾಗಿ ಹೋಗುವುದಾದರೆ ನನ್ನ ಆಕ್ಷೇಪವಿಲ್ಲ.

ಪಾದದಲ್ಲಿ ಹುಣ್ಣು, ಸೋಂಕು, ಮೂಳೆಮುರಿತ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಇವುಗಳಲ್ಲಿ ಯಾವುದಿದ್ದರೂ ಮಾಡಿಸಿಕೊಳ್ಳಬಾರದು. ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ನಿಮ್ಮ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಜೋಮು ಹಿಡಿದ ಪಾದಕ್ಕೆ ಒತ್ತಡ ಹೆಚ್ಚಾದದ್ದು ತಿಳಿಯದಿರಬಹುದು. ಹಾಗಾಗಿ ‘ನೋವಾದರೆ ಹೇಳಿ’ ಎಂಬ ಮಾತು ನಿಮ್ಮನ್ನು ಕಾಪಾಡಲಾರದು. ವೈದ್ಯರು ಒಪ್ಪಿದ ಮೇಲೂ ತೀರ ಹಗುರವಾಗಿ ಒತ್ತುವಂತೆ, ಕಡ್ಡಿಯನ್ನಾಗಲಿ ಗಟ್ಟಿ ಸಲಕರಣೆಯನ್ನಾಗಲಿ ಬಳಸದಂತೆ ಮೊದಲೇ ತಿಳಿಸಿ. ಮನೆಗೆ ಬಂದ ಮೇಲೆ, ಮರುದಿನ ಬೆಳಗ್ಗೆ ಕೂಡ, ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ಬೆರಳಸಂದುಗಳನ್ನೂ ಬಿಡದೆ ನೋಡಿಕೊಳ್ಳಿ. ಕೆಂಪು ಕಲೆ, ಬೊಕ್ಕೆ ಅಥವಾ ತರಚು ಕಂಡರೆ ಅಂದೇ ವೈದ್ಯರಲ್ಲಿಗೆ ಹೋಗಿ.