ಕಬ್ಬಿನ ಟ್ರಾಲಿ ಲೈಟಿಗೆ 1.5 ವೈರು: ಸುಡಂಗಿಲ್ಲ, ಆದರ ಬೆಳಕೂ ಬರಂಗಿಲ್ಲ

ಮುಧೋಳದ ಕಬ್ಬಿನ ಟ್ರಾಲಿ, ರಾತ್ರಿ ಲೋಡಿಂಗಿಗೆ ಹಿಂದ 55 ವ್ಯಾಟಿನ ಎರಡು ಹ್ಯಾಲೋಜನ್, ಮನೆ ಕಟ್ಟಿಸಿದಾಗ ಉಳಿದ 1.5 ಸ್ಕ್ವೇರ್ ಎಂಎಂ ವೈರು, '15 ಆಂಪ್ ತಡೀತದ, ಸಾಕಲ್ಲ?' ಅಂತ ಒಬ್ಬರು ಕೇಳ್ಯಾರ. ವಿಜಯಪುರದಾಗ ನಾನೂ ಇದೇ ಲೆಕ್ಕದಿಂದ ಶುರು ಮಾಡಿದವನು.

ಪ್ರಶ್ನೆನೇ ಸರಿ ಇಲ್ರಿ. ಎಷ್ಟು ಆಂಪ್ ತಡೀತದ ಅನ್ನೋದರಿಂದ ವೈರು ಸುಡ್ತದೋ ಇಲ್ಲೋ ಅಷ್ಟೇ ತಿಳೀತದ. ಬೆಳಕು ನಿಂತಿರೋದು ದಾರಿಯಲ್ಲಿ ಎಷ್ಟು ವೋಲ್ಟ್ ಹೋಗ್ತದ ಅನ್ನೋದರ ಮ್ಯಾಲ. ಮನೆಯ 230 ವೋಲ್ಟಿನಾಗ 2 ವೋಲ್ಟ್ ದಾರಿಯಲ್ಲಿ ಹೋದರ ಯಾರ ಕಣ್ಣಿಗೂ ಬೀಳಂಗಿಲ್ಲ. ಟ್ರ್ಯಾಕ್ಟರ್ ಬ್ಯಾಟರಿಯ 12 ವೋಲ್ಟಿನಾಗ 2 ಹೋದರ ಆರರಲ್ಲಿ ಒಂದು ಪಾಲು ಹೋದಂಗ. 110 ವ್ಯಾಟಿಗೆ ಸುಮಾರು 9.2 ಆಂಪ್. ಬ್ಯಾಟರಿಯಿಂದ ಟ್ರಾಲಿಯ ಬಾಲದ ತನಕ 9 ಮೀಟರ್ ಹಿಡೀರಿ. ಕರೆಂಟ್ ಹೋಗಿ ವಾಪಸ್ ಬರಬೇಕು, ಹಿಂಗಾಗಿ 18 ಮೀಟರ್. ಅದನ್ನ 0.0175ರಿಂದ (1 ಸ್ಕ್ವೇರ್ ತಾಮ್ರದ ವೈರು ಮೀಟರಿಗೆ ಕರೆಂಟನ್ನ ಅಡ್ಡಗಟ್ಟೋ ಅಳತೆ, ಓಮ್ ಲೆಕ್ಕದಾಗ) ಗುಣಿಸಿ 1.5ರಿಂದ ಭಾಗಿಸಿದರ 0.21 ಓಮ್. ಅದಕ್ಕ 9.2 ಗುಣಿಸ್ರಿ, 1.9 ವೋಲ್ಟ್ ದಾರಿಯಲ್ಲೇ ಖಲಾಸ್. ಹ್ಯಾಲೋಜನ್ ಬೆಳಕು ವೋಲ್ಟೇಜಿಗಿಂತ ಜೋರಾಗಿ ಇಳೀತದ, ಹೆಚ್ಚುಕಮ್ಮಿ ಅರ್ಧಕ್ಕ ಬಂದು ನಿಲ್ತದ. 4 ಸ್ಕ್ವೇರಿಗೆ ನಷ್ಟ 0.7, 6ಕ್ಕ 0.5 ವೋಲ್ಟ್. ಹ್ಯಾಲೋಜನ್ನೇ ಬೇಕಂದ್ರ 6 ಹಾಕ್ರಿ.

ಇಷ್ಟು ಗೊತ್ತಿದ್ದೂ ನಾ ಎಡವಿದೆ. ಪ್ಲಸ್ಸಿಗೆ 6 ಸ್ಕ್ವೇರ್ ಎಳೆದು, ಮೈನಸ್ಸನ್ನ ಟ್ರಾಲಿ ಚಾಸಿಗೆ, ಅಂದ್ರ ಅಡಿಯ ಕಬ್ಬಿಣದ ಚೌಕಟ್ಟಿಗೆ, ಬೋಲ್ಟ್ ಹಾಕಿ ಬಿಟ್ಟೆ. ಅಷ್ಟು ದಪ್ಪ ಕಬ್ಬಿಣ ಇರುವಾಗ ಇನ್ನೊಂದು ವೈರು ಯಾಕ ಅಂತ. ಆದರ ಟ್ರಾಲಿಗೂ ಟ್ರ್ಯಾಕ್ಟರಿಗೂ ನಡುವ ಇರೋದು ಬರೀ ಹುಕ್ ಪಿನ್ನು. ಅದರ ಮೈತುಂಬ ಗ್ರೀಸು, ತುಕ್ಕು, ಎರೆಮಣ್ಣು. ಗಾಡಿ ಅಲುಗಿದಂಗ ಹಿಡೀತದ, ಬಿಡ್ತದ. ಲೈಟು ಮಿಣುಕಿದ್ದಕ್ಕ ಬ್ಯಾಟರಿ ಮುದಿಯಾಗ್ಯದ ಅಂತ ಹೊಸದು ತಂದೆ. ಹೊಸ ಬ್ಯಾಟರಿ ಮ್ಯಾಲೂ ಹಂಗೇ ಮಿಣುಕ್ತು. ಮೊದಲೇ ಮಲ್ಟಿಮೀಟರ್ ಹಿಡೀಬೇಕಿತ್ತು. ಲೈಟು ಹಚ್ಚಿಟ್ಟು, ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಬಲ್ಬಿನ ಮೈನಸ್ಸಿಗೆ. ಕಾಲು ವೋಲ್ಟ್ ಇರಬೇಕಾದಲ್ಲಿ 1.6 ತೋರಿಸ್ತು. ದಪ್ಪ ತಾಮ್ರಕ್ಕ ಕೊಟ್ಟ ರೊಕ್ಕ, ಬ್ಯಾಟರಿಯ ರೊಕ್ಕ, ಎರಡನ್ನೂ ಆ ಪಿನ್ನು ತಿಂತು. ವಾಪಸ್ ವೈರೂ ಅಷ್ಟೇ ದಪ್ಪ ಇರಲಿ, ಟ್ರಾಲಿ-ಟ್ರ್ಯಾಕ್ಟರ್ ವೈರು ಕೂಡಿಸೋ ಪ್ಲಗ್ಗಿನಾಗಿಂದ ಹಾದು ನೇರ ಬ್ಯಾಟರಿಗೇ ಹೋಗಲಿ.

ಮನೆ ವೈರು ಮನೆಯಾಗೇ ಇರಲಿ, ಎಂಜಿನ್ ಕಾವಿಗೂ ಗಾಡಿ ಕುಲುಕಾಟಕ್ಕೂ ಅದು ಮಾಡಿದ್ದಲ್ಲ. ಆಟೋ ಕೇಬಲ್ ಕೇಳ್ರಿ. 28/0.30 ಅಂದ್ರ 0.3 ಎಂಎಂ ದಪ್ಪದ 28 ಎಳೆ, ಅಂದಾಜು 2 ಸ್ಕ್ವೇರ್. 84/0.30 ಅಂದ್ರ 6. ಒಂದು ಎಳೆ ಬ್ಲೇಡಿನಿಂದ ಕೆರೆದು ನೋಡ್ರಿ, ಒಳಗ ಬೆಳ್ಳಗಿದ್ದರ ಅದು ತಾಮ್ರ ಲೇಪಿಸಿದ ಅಲ್ಯುಮಿನಿಯಂ, ವಾಪಸ್ ಕೊಡ್ರಿ. ತಿರುಚಿ ಟೇಪ್ ಸುತ್ತಬ್ಯಾಡ್ರಿ, ವೈರಿನ ತುದಿಗೆ ಲಗ್ (ಲೋಹದ ಟೋಪಿ) ಹಾಕಿ ಕ್ರಿಂಪ್ ಮಾಡ್ರಿ, ಅಂದ್ರ ಇಕ್ಕಳದಿಂದ ಒತ್ತಿ ಬಿಗೀರಿ. ಸ್ವಿಚ್ಚಿಗೆ ರಿಲೇ ಇರಲಿ, ಲೈಟಿನ ದೊಡ್ಡ ಕರೆಂಟ್ ಸ್ವಿಚ್ಚಿನ ಬದಲು ಅದರಾಗಿಂದ ಹೋಗ್ತದ. 15 ಆಂಪ್ ಫ್ಯೂಸು ಬ್ಯಾಟರಿ ಪ್ಲಸ್ಸಿನಿಂದ ಗೇಣು ದೂರದೊಳಗ ಇರಬೇಕು. ಅದು ಕಾಯೋದು ವೈರನ್ನ, ಬಲ್ಬನ್ನಲ್ಲ. ಟ್ರಾಲಿ ಹತ್ತಿರ ಇಟ್ಟರ ಬ್ಯಾಟರಿಯಿಂದ ಅಲ್ಲಿ ತನಕದ ವೈರಿಗೆ ಯಾರೂ ದಿಕ್ಕಿಲ್ಲ.

ನನ್ನ ಕೇಳಿದ್ರ ಹ್ಯಾಲೋಜನ್ನೇ ಬಿಡ್ರಿ. 18 ವ್ಯಾಟಿನ ಎರಡು ಎಲ್‌ಇಡಿಗೆ ಬರೇ 3 ಆಂಪ್. 10ರಿಂದ 30 ವೋಲ್ಟ್ ಅಂತ ಬರೆದಿರೋದನ್ನ ತಂದರ ಅರ್ಧ ವೋಲ್ಟ್ ಹೋದದ್ದು ಅದಕ್ಕ ಗೊತ್ತೇ ಆಗಂಗಿಲ್ಲ. ಆಗ 28/0.30 ಸಾಕು, ಫ್ಯೂಸು 5 ಆಂಪಿಂದು. ರೋಡಿಗೆ ಬಂದಾಗ ಮಾತ್ರ ಆ ಬಿಳಿ ಲೈಟು ಆರಿಸ್ರಿ, ಹಿಂದಿನವನ ಕಣ್ಣು ಕುಕ್ಕತದ. ಅಲ್ಲಿ ಬೇಕಾಗಿದ್ದು ಕೆಂಪು ಲೈಟು, ರಿಫ್ಲೆಕ್ಟರು.