62ನೇ ವಯಸ್ಸಿನಲ್ಲಿ ಕಂಪ್ಯೂಟರ್ ಕಲಿಯಲು ಎಲ್ಲಿಂದ ಶುರು ಮಾಡಲಿ?

ಸೋಮವಾರಪೇಟೆ ಕಡೆ ಕಾಫಿ ತೋಟ, ಮನೆಯಲ್ಲಿ ಮಗಳ ಹಳೇ ಲ್ಯಾಪ್‌ಟಾಪ್ ಇದೆ, ಮೊದಲು ಏನು ಕಲಿಯಲಿ ಎಂದು ಕೇಳಿದ್ದೀರಿ. ತೋಟದಲ್ಲಿ ಹೇಗೂ ಬರೆದಿಡುವ ಮಳೆ ಲೆಕ್ಕವನ್ನೇ ಎಕ್ಸೆಲ್‌ಗೆ (ಚೌಕಗಳಲ್ಲಿ ಲೆಕ್ಕ ಬರೆದು ಕೂಡುವ ಪ್ರೋಗ್ರಾಂ) ಹಾಕುತ್ತಾ ಕಲಿಯಿರಿ ಎನ್ನುತ್ತೇನೆ. ದಿನಾ ಐದು ನಿಮಿಷದ ಕೆಲಸ, ತಪ್ಪಾದರೆ ಪುಸ್ತಕ ನೋಡಿ ನೀವೇ ಹಿಡಿಯಬಹುದು.

ಮೊದಲು ಕಣ್ಣಿಗೂ ಕೈಗೂ ಅನುಕೂಲ ಮಾಡಿಕೊಳ್ಳಿ. ಟಚ್‌ಪ್ಯಾಡ್ ಬೇಡ, ವೈರ್ ಇರುವ ಮೌಸ್ ಹಾಕಿ. ಡೆಸ್ಕ್‌ಟಾಪಿನ ಖಾಲಿ ಜಾಗದಲ್ಲಿ ಬಲಗಡೆ ಬಟನ್ ಒತ್ತಿ, ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ ಸ್ಕೇಲ್ 150% ಮಾಡಿ, ಅಕ್ಷರ ದೊಡ್ಡದಾಗುತ್ತದೆ. ಡಬಲ್ ಕ್ಲಿಕ್ ಮಾಡುವಾಗ ಕೈ ಅಲುಗಾಡಿದರೆ ಫೈಲ್ ಬೇರೆ ಕಡೆ ಸರಿದುಬಿಡುತ್ತದೆ. ನಿಧಾನವಾದರೆ ಹೆಸರು ಬದಲಿಸುವ ಚೌಕ ತೆರೆಯುತ್ತದೆ. ಅದಕ್ಕೇ ಒಂದೇ ಸಲ ಕ್ಲಿಕ್ ಮಾಡಿ ಎಂಟರ್ ಒತ್ತಿ. ಸರಿದುಹೋದದ್ದು ಕಂಟ್ರೋಲ್ ಮತ್ತು ಝೆಡ್ ಒಟ್ಟಿಗೆ ಒತ್ತಿದರೆ ವಾಪಸ್ ಬರುತ್ತದೆ. ಇದೊಂದು ಗೊತ್ತಿದ್ದರೆ ಅರ್ಧ ಹೆದರಿಕೆ ಹೋಗುತ್ತದೆ.

ಎಕ್ಸೆಲ್‌ನಲ್ಲಿ ಮೊದಲ ಕಾಲಂ ತಾರೀಕಿಗೆ, ಎರಡನೆಯದು ಮಳೆಗೆ. ಜೂನ್ 5ಕ್ಕೆ 5/6 ಎಂದು ಬರೆದರೆ ಅಮೆರಿಕದ ಸೆಟ್ಟಿಂಗ್ ಇರುವ ಕಂಪ್ಯೂಟರ್ ಅದನ್ನು ಮೇ 6 ಎಂದುಕೊಳ್ಳುತ್ತದೆ. 5 ಹಾಕಿ, ಅಡ್ಡಗೆರೆ (-) ಎಳೆದು, ತಿಂಗಳ ಹೆಸರಿನ ಮೊದಲ ಮೂರು ಇಂಗ್ಲಿಷ್ ಅಕ್ಷರ ಬರೆಯಿರಿ. ಮಳೆ ಲೆಕ್ಕದಲ್ಲಿ ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ, ಹಾಗಾಗಿ 2 ಇಂಚು 15 ಸೆಂಟ್ ಅಂದರೆ 2.15. ಆದರೆ 2 ಇಂಚು 5 ಸೆಂಟ್ ಅಂದರೆ 2.05, ಹೆಚ್ಚಿನವರು ಇಲ್ಲಿ 2.5 ಎಂದು ಹಾಕಿ 45 ಸೆಂಟ್ ಜಾಸ್ತಿ ಮಾಡಿಕೊಳ್ಳುತ್ತಾರೆ. ಅಂಕಿಯ ಜೊತೆ "ಇಂಚು" ಅಂತ ಬರೆಯಲೇಬೇಡಿ. ಬರೆದರೆ ಎಕ್ಸೆಲ್ ಅದನ್ನು ಅಕ್ಷರವೆಂದು ಬಗೆದು, ಏನೂ ಹೇಳದೆ ಮೊತ್ತದಿಂದ ಬಿಟ್ಟುಬಿಡುತ್ತದೆ. ಅಂಕಿ ಚೌಕದ ಬಲಕ್ಕೆ ನಿಂತರೆ ಸರಿ, ಎಡಕ್ಕೆ ನಿಂತರೆ ಏನೋ ಎಡವಟ್ಟಾಗಿದೆ.

ತಿಂಗಳ ಕೊನೆಗೆ ಮಳೆ ಕಾಲಂನ ಕೆಳಗಿನ ಖಾಲಿ ಚೌಕದಲ್ಲಿ ನಿಂತು ಆಲ್ಟ್ ಹಿಡಿದು = ಒತ್ತಿ, ಆಮೇಲೆ ಎಂಟರ್ ಒತ್ತಿದರೆ ತಿಂಗಳ ಮೊತ್ತ ಬರುತ್ತದೆ. ಮಳೆ ಇಲ್ಲದ ದಿನಕ್ಕೂ 0 ಹಾಕಿರಬೇಕು, ನಡುವೆ ಖಾಲಿ ಬಿಟ್ಟರೆ ಕೂಡುವುದು ಅಲ್ಲಿಗೇ ನಿಲ್ಲುತ್ತದೆ.

ಪ್ರತಿ ಸಲ ಕಂಟ್ರೋಲ್ ಮತ್ತು ಎಸ್ ಒತ್ತಿ ಸೇವ್ ಮಾಡಿ. ಹಳೇ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿದ್ದರೆ ಮಳೆಗಾಲದಲ್ಲಿ ಕರೆಂಟ್ ಹೋದ ಕ್ಷಣವೇ ಅದು ಆರಿಹೋಗುತ್ತದೆ. ಗುಡುಗು ಕೇಳಿಸಿದರೆ ಚಾರ್ಜರ್ ಜೊತೆಗೆ ಇಂಟರ್ನೆಟ್ ಕೇಬಲ್ ಕೂಡ ಕಿತ್ತಿಡಿ, ಸಿಡಿಲಿನ ಹೊಡೆತ ಆ ದಾರಿಯಲ್ಲೂ ಬರುತ್ತದೆ.

ಇಷ್ಟು ಕೈಗೆ ಹತ್ತಿದ ಮೇಲೆ ಭೂಮಿ ವೆಬ್‌ಸೈಟಿನಲ್ಲಿ ನಿಮ್ಮ ಪಹಣಿ ತೆರೆದು ನೋಡಿ. ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ನಂಬರ್ ಒಂದು ಚೀಟಿಯಲ್ಲಿ ಬರೆದುಕೊಂಡು ಕುಳಿತುಕೊಳ್ಳಿ.